ಸೂತಕ ಕಳೆದ ಮೇಲೆ

ಒಂದು ಭಾನುವಾರದ ಸಂಜೆ ದೂರದರ್ಶನದಲ್ಲಿ ‘ಶರಪಂಜರ’ ಹಾಕಿದ್ದರು. ನಾನಾಗ ಡಿಗ್ರಿ ಓದುತ್ತಿದ್ದೆ. ಕಲ್ಪನಾ ಕಣ್ಣರಳಿಸಿ, ದನಿ ಏರಿಸಿ ಅಳತೊಡಗಿದಾಗ ‘ಅತಿಯಾಯಿತು’ ಎಂದೆ. ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದ ದೊಡ್ಡಮ್ಮ ತಲೆ ಎತ್ತಿ, ‘ತೀರಿಹೋದವಳು ಕಣೋ, ಹಾಗೆಲ್ಲ ಅನ್ನಬಾರದು’ ಎಂದರು. ಸುಮ್ಮನಾದೆ. ಸಿನಿಮಾ ಮುಗಿಯುವ ಹೊತ್ತಿಗೆ ಪಕ್ಕದ ಮನೆಯವರು ಬಂದರು. ಅದೇ ದೊಡ್ಡಮ್ಮ ಅವರ ಜತೆ ಕೂತು, ಕಲ್ಪನಾ ಹೇಗೆ ಸತ್ತರು, ಯಾಕೆ ಸತ್ತರು, ಅವತ್ತು ಏನು ಜಗಳವಾಗಿತ್ತಂತೆ ಎಂದು ಅರ್ಧ ಗಂಟೆ ಮಾತಾಡಿದರು. ದೊಡ್ಡಮ್ಮನಿಗೆ ಕಲ್ಪನಾ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡೇ ಸಿನಿಮಾ ನೋಡಿದ್ದರು. ಆದರೆ ಅವತ್ತಿನ ಎರಡು ಮಾತುಗಳು ಒಂದಕ್ಕೊಂದು ಕೂಡಿಬರಲಿಲ್ಲ. ನಟಿಯ ಅಭಿನಯದ ಬಗ್ಗೆ ಮಾತಾಡಿದರೆ ಅಗೌರವ, ಆಕೆಯ ಸಾವಿನ ಬಗ್ಗೆ ಮಾತಾಡಿದರೆ ಅಲ್ಲ.

ಇದು ನಮ್ಮ ಮನೆಯೊಂದರ ಮಾತಲ್ಲ. ಕಲ್ಪನಾ ತೀರಿಕೊಂಡದ್ದು 1979ರ ಮೇ ತಿಂಗಳಲ್ಲಿ, ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಬಳಿ. ಆ ಕೊನೆಯ ರಾತ್ರಿಯ ಬಗ್ಗೆ ಇವತ್ತಿಗೂ ಕನ್ನಡಿಗರು ಮಾತಾಡುತ್ತಾರೆ. ಅವರೇ ನಟಿಸಿದ ‘ಬೆಳ್ಳಿಮೋಡ’ದ ಇಂದಿರೆ ಮದುವೆ ಬೇಡವೆಂದು ನಿಂತಾಗ ಆಕೆಯ ಮುಖದಲ್ಲಿ ಏನಿತ್ತು ಎಂದು ಮಾತಾಡುವವರು ಎಷ್ಟು ಜನ? ಸತ್ತವರ ಖಾಸಗಿ ಬದುಕನ್ನು ಬಯಲಿಗೆ ಎಳೆಯುತ್ತೇವೆ. ಅವರು ತಾವಾಗಿಯೇ ನಮ್ಮ ಮುಂದಿಟ್ಟು ಹೋದ ಕೆಲಸಕ್ಕೆ ಮಾತ್ರ ಪರದೆ ಹಾಕುತ್ತೇವೆ. ಆಗಬೇಕಾದ್ದು ಇದರ ಉಲ್ಟಾ ಎಂದು ನನಗೆ ಬಲವಾಗಿ ಅನಿಸುತ್ತದೆ. ಸತ್ತವರ ದೇಹ, ನೋವು, ಮನೆಯೊಳಗಿನ ಸಂಗತಿ ಇವಕ್ಕೆ ನಮ್ಮ ಮೌನ ಸಲ್ಲಬೇಕು. ಅವರ ಕೆಲಸಕ್ಕೆ ಸಲ್ಲಬೇಕಾದದ್ದು ಮಾತು, ಒಪ್ಪುವ ಮಾತೂ ಒಪ್ಪದ ಮಾತೂ.

‘ಸತ್ತವರು ಎದ್ದು ಬಂದು ಉತ್ತರ ಕೊಡುವುದಿಲ್ಲ, ಅವರ ಮೇಲೆ ಯಾಕೆ ಮಾತು?’ ಎನ್ನುವವರಿದ್ದಾರೆ. ಅದು ತಳ್ಳಿಹಾಕುವ ಮಾತಲ್ಲ. ಒಬ್ಬರ ನಡತೆಯ ಬಗ್ಗೆ ಅವರಿಲ್ಲದಾಗ ಗಾಳಿಮಾತು ಕಟ್ಟಿದರೆ ಉತ್ತರಿಸುವವರು ಯಾರೂ ಇರುವುದಿಲ್ಲ. ಆದ್ದರಿಂದಲೇ ಅದು ಹೇಡಿತನ. ಸಿನಿಮಾದ ಮಾತು ಬೇರೆ. ಅದು ಪ್ರತಿ ಸಲ ಪರದೆಯ ಮೇಲೆ ಬಂದಾಗಲೂ ತನ್ನ ಪರವಾಗಿ ತಾನೇ ವಾದಿಸುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ‘ಅತಿಯಾಯಿತು’ ಎಂದ ನನಗೆ ನಲವತ್ತರಲ್ಲಿ ‘ಶರಪಂಜರ’ವೇ ಉತ್ತರ ಕೊಟ್ಟಿತು. ಮಾನಸಿಕ ಆಸ್ಪತ್ರೆಯಿಂದ ವಾಸಿಯಾಗಿ ಮರಳಿದ ಕಾವೇರಿಯನ್ನು ಗಂಡ, ನೆರೆಹೊರೆ ಎಲ್ಲರೂ ಹುಚ್ಚಿಯಂತೆಯೇ ನೋಡುತ್ತಾರೆ. ಆಕೆ ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಅಷ್ಟು ಹೊತ್ತು ಹಲ್ಲು ಕಚ್ಚಿ ನಡೆದವಳು ಕೊನೆಗೆ ಒಡೆದುಹೋಗುವಾಗ ದನಿ ಏರದೆ ಇನ್ನೇನಾಗಬೇಕಿತ್ತು? ಆ ಗಟ್ಟಿ ದನಿಯನ್ನು ನಿರ್ದೇಶಕ ಪುಟ್ಟಣ್ಣ ಕಣಗಾಲ್ ಎಲ್ಲಿ ಬೇಕೋ ಅಲ್ಲಿ ಬಿಟ್ಟಿದ್ದಾರೆ. ನನ್ನ ಮೊದಲ ಅಭಿಪ್ರಾಯ ತಪ್ಪಿತ್ತು. ಆದರೆ ಆ ಅಭಿಪ್ರಾಯವೇ ಇಲ್ಲದಿದ್ದರೆ ಎರಡನೆಯ ಸಲ ಅಷ್ಟು ಕಣ್ಣಿಟ್ಟು ನೋಡುತ್ತಿರಲಿಲ್ಲ.

ದುಃಖಕ್ಕೂ ಒಂದು ಕಾಲವಿದೆ. ನಮ್ಮ ಹಿರಿಯರು ಸೂತಕಕ್ಕೆ ದಿನ ಲೆಕ್ಕ ಹಾಕಿಟ್ಟರು. ಹನ್ನೊಂದಕ್ಕೋ ಹದಿಮೂರಕ್ಕೋ ತಿಥಿ ಮುಗಿದ ಮೇಲೆ ನೆಂಟರು ಊಟಕ್ಕೆ ಕೂರುತ್ತಾರೆ. ಸತ್ತ ಅಜ್ಜನ ಮುಂಗೋಪ, ಜಿಪುಣತನ, ಮೊಮ್ಮಕ್ಕಳಿಗೆ ಮಾತ್ರ ಬಿಚ್ಚುತ್ತಿದ್ದ ಸಂಚಿ ಎಲ್ಲವೂ ಮಾತಿಗೆ ಬರುತ್ತವೆ. ಅಳುತ್ತಲೇ ನಗುತ್ತಾರೆ. ಅಲ್ಲಿಂದ ಮುಂದೆ ಅಜ್ಜ ಮನೆಯ ಮಾತಿನಲ್ಲಿ ಇದ್ದುಬಿಡುತ್ತಾನೆ. ಸಾವಿನ ಮನೆಯಲ್ಲಿ ವಿಮರ್ಶೆ ಬೇಡ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಬದುಕಿದ್ದಾಗ ಅವರಿಂದ ನಿಜವಾಗಿ ನೊಂದವರು ಬಾಯಿಬಿಟ್ಟರೆ ಅವರನ್ನು ತಡೆಯುವ ಹಕ್ಕು ಮಾತ್ರ ಯಾರಿಗೂ ಇಲ್ಲ. ನನ್ನ ಸಂಕಟವೆಂದರೆ, ನಾವು ಕಲಾವಿದರಿಗೆ ಹಿಡಿಯುವ ಸೂತಕ ಕಳೆಯುವುದೇ ಇಲ್ಲ. ಮೂವತ್ತು ನಲವತ್ತು ವರ್ಷವಾದರೂ ಅವರ ಸಿನಿಮಾದ ಒಂದು ದೃಶ್ಯವನ್ನು ಒಪ್ಪದಿದ್ದರೆ ಹೆಣದ ಮುಂದೆ ಕೂತು ಬೈದಂತೆ ಭಾವಿಸುತ್ತಾರೆ.

‘ನಾಗರಹಾವು’ ತೆಗೆದುಕೊಳ್ಳೋಣ. 1972ರ ಚಿತ್ರ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಟ್ಟಿದ್ದು. ಚಿತ್ರದುರ್ಗದ ಬಂಡೆಗಳ ನಡುವೆ ವಿಷ್ಣುವರ್ಧನ್ ನಾಯಕನಾಗಿ ಮೊದಲ ಸಲ ಕಾಣಿಸಿಕೊಂಡರು. ಅಂಬರೀಷ್ ಜಲೀಲನಾಗಿ ಬಂದರು. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಚಾಮಯ್ಯ ಮೇಷ್ಟ್ರು ಇದ್ದಾರಲ್ಲ, ಅವರು ಈಗ ಕನ್ನಡಿಗರ ಪಾಲಿಗೆ ಬರಿಯ ಪಾತ್ರವಾಗಿ ಉಳಿದಿಲ್ಲ. ಒಳ್ಳೆಯ ಮೇಷ್ಟ್ರು ಎಂದರೆ ಕೆ.ಎಸ್. ಅಶ್ವಥ್ ಅವರ ಆ ಮುಖವೇ ಕಣ್ಣ ಮುಂದೆ ಬರುತ್ತದೆ. ಊರೆಲ್ಲ ಪುಂಡನೆನ್ನುವ ಹುಡುಗನ ತಲೆ ಸವರಿ ‘ರಾಮಾಚಾರಿ’ ಎಂದು ಕರೆಯುವ ಆ ದನಿಗೆ ಕರಗದವರಿಲ್ಲ.

ಆದರೆ ಆ ಮೇಷ್ಟ್ರು ಮಾಡಿದ್ದೇನು? ರಾಮಾಚಾರಿ ಅಲಮೇಲುವನ್ನು ಮನಸಾರೆ ಒಪ್ಪಿದ್ದಾಗ, ಜಾತಿ-ಸಂಪ್ರದಾಯದ ಹೆಸರಿನಲ್ಲಿ ಅವಳನ್ನು ಬಿಟ್ಟುಕೊಡುವಂತೆ ಅವನನ್ನು ಒಪ್ಪಿಸಿದವರು ಅವರೇ. ತನ್ನ ಮಾತನ್ನು ಮೀರಲಾರದ ಹುಡುಗನ ಪ್ರೀತಿಯನ್ನೇ ಹಿಡಿದು ಅವನನ್ನು ಬಗ್ಗಿಸಿದರು. ಮುಂದೆ ರಾಮಾಚಾರಿ ಅದೇ ಅಲಮೇಲುವನ್ನು ನೋಡುವುದು ಮೈಮಾರಿಕೊಂಡು ಬದುಕುವ ಸ್ಥಿತಿಯಲ್ಲಿ. ಕೊನೆಗೆ, ರಾಮಾಚಾರಿ ಆಮೇಲೆ ಪ್ರೀತಿಸಿದ ಮಾರ್ಗರೆಟ್ಟಳ ವಿಷಯದಲ್ಲೂ ಮೇಷ್ಟ್ರು ಅದೇ ಬುದ್ಧಿ ಹೇಳಲು ಬೆಟ್ಟ ಹತ್ತುತ್ತಾರೆ. ಶಿಷ್ಯನ ಕೈಯಿಂದಲೇ ಸಾಯುತ್ತಾರೆ. ಆ ಅನಾಹುತಕ್ಕೆ ಬೀಜ ಬಿದ್ದದ್ದು ಅವರ ಒಳ್ಳೆಯತನದಲ್ಲೇ.

ಇದನ್ನು ಒಂದು ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು ಎದ್ದು, ‘ಅಶ್ವಥ್ ಅವರಂಥ ದೊಡ್ಡ ನಟರ ಬಗ್ಗೆ ಹೀಗೆ ಮಾತಾಡುವುದು ತರವಲ್ಲ’ ಎಂದರು. ಅವರ ನೋವು ನಿಜವಾದದ್ದು, ಕಣ್ಣು ತುಂಬಿಕೊಂಡಿದ್ದರು. ಆದರೂ ನಾನು ಅಲ್ಲಾಡಲಿಲ್ಲ. ಚಾಮಯ್ಯ ಮೇಷ್ಟ್ರಲ್ಲಿ ತಪ್ಪೇ ಇಲ್ಲ ಎಂದುಬಿಟ್ಟರೆ ನಾವು ಕಿತ್ತುಕೊಳ್ಳುವುದು ಅಶ್ವಥ್ ಅವರ ಕಲೆಯನ್ನೇ. ಕೆಟ್ಟವನು ಕೆಟ್ಟದ್ದು ಮಾಡುವುದನ್ನು ಯಾರು ಬೇಕಾದರೂ ನಟಿಸಿಯಾರು. ಪ್ರೀತಿ ತುಂಬಿದವನೊಬ್ಬ ಪ್ರೀತಿಯಿಂದಲೇ ಒಂದು ಬಾಳನ್ನು ಹಾಳುಮಾಡುವುದನ್ನು, ಆ ಪ್ರೀತಿ ಸುಳ್ಳೆನಿಸದಂತೆ ತೋರಿಸುವುದಿದೆಯಲ್ಲ, ಅದನ್ನು ಅಶ್ವಥ್ ಮಾಡಿದರು. ಪಾತ್ರವನ್ನು ದೇವರಾಗಿಸಿ ಮಾಲೆ ಹಾಕಿದರೆ ಆ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಪುಟ್ಟಣ್ಣನವರ ಬಗ್ಗೆಯೂ ಹೀಗೊಂದು ಪ್ರಶ್ನೆ ನನ್ನಲ್ಲಿದೆ. ‘ಗೆಜ್ಜೆಪೂಜೆ’ಯ ಚಂದ್ರಾ ಸಾಯುತ್ತಾಳೆ, ‘ಶರಪಂಜರ’ದ ಕಾವೇರಿ ಮತ್ತೆ ಆಸ್ಪತ್ರೆ ಸೇರುತ್ತಾಳೆ, ಅಲಮೇಲು ಹಾಳಾಗುತ್ತಾಳೆ, ಮಾರ್ಗರೆಟ್ ಬೆಟ್ಟದಿಂದ ಹಾರುತ್ತಾಳೆ. ಹೆಣ್ಣಿಗೆ ಸಮಾಜ ಬೇರೆ ದಾರಿ ಬಿಟ್ಟಿಲ್ಲ ಎಂದು ಅವರು ಕೂಗಿ ಹೇಳುತ್ತಿದ್ದರೋ, ಅಥವಾ ಅವರ ಕಲ್ಪನೆಗೂ ಬೇರೆ ದಾರಿ ಕಾಣಲಿಲ್ಲವೋ? ‘ಬೆಳ್ಳಿಮೋಡ’ ನೆನೆದರೆ ಮೊದಲನೆಯದು ನಿಜ ಎನಿಸುತ್ತದೆ. ಅಲ್ಲಿ ಇಂದಿರೆ ತಲೆಯೆತ್ತಿಯೇ ನಿಲ್ಲುತ್ತಾಳೆ. ಉಳಿದವನ್ನು ಒಟ್ಟಿಗೆ ನೋಡಿದರೆ ಎರಡನೆಯದು. ಪುಟ್ಟಣ್ಣ ತೀರಿಹೋದದ್ದು 1985ರಲ್ಲಿ. ಇವತ್ತಿಗೂ ಅವರ ಜತೆ ಹೀಗೆ ವಾದಕ್ಕಿಳಿಯಬೇಕು ಅನಿಸುವುದೇ ನನ್ನ ಗೌರವ. ನಾನು ಯಾವ ಪ್ರಶ್ನೆಯನ್ನೂ ಕೇಳದೆ ಸುಮ್ಮನೆ ಎದ್ದು ಬಂದ ಸಿನಿಮಾಗಳು ಎಷ್ಟೋ ಇವೆ; ಅವನ್ನು ಮಾಡಿದವರ ಹೆಸರೂ ನೆನಪಿಲ್ಲ.

ಎಲ್ಲರೂ ಬದುಕಿದ್ದ ಕಾಲದಲ್ಲಿ ಈ ಅಂಜಿಕೆ ಇರಲಿಲ್ಲ. ತೆರೆಯ ಮೇಲಿನ ತಮ್ಮ ‘ನಾಗರಹಾವು’ ನೋಡಿ ತ.ರಾ.ಸು. ಮೆಚ್ಚಲಿಲ್ಲ, ಅದು ಕೇರೆಹಾವಾಯಿತು ಎಂದು ಖಾರವಾಗಿಯೇ ಹೇಳಿದರು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಜನ ಕಾದಂಬರಿಕಾರನ ಸಿಟ್ಟನ್ನೂ ಕೇಳಿಸಿಕೊಂಡರು, ಸಿನಿಮಾವನ್ನೂ ಗೆಲ್ಲಿಸಿದರು. ಇಬ್ಬರ ಮರ್ಯಾದೆಗೂ ಕುಂದಾಗಲಿಲ್ಲ. ಅಂದು ಜೀವಂತವಾಗಿದ್ದ ಜಗಳವನ್ನು ಇಂದು ಯಾಕೆ ಹೂಳಬೇಕು? ರಾಜ್‌ಕುಮಾರ್ ಅವರ ದನಿ ಕೇಳದೆ ನನ್ನ ಬಾಲ್ಯದ ಒಂದು ದಿನವೂ ಕಳೆದಿಲ್ಲ. ಆದರೂ ‘ಬಹದ್ದೂರ್ ಗಂಡು’ ಚಿತ್ರದಲ್ಲಿ ಸೊಕ್ಕಿನ ಹೆಣ್ಣನ್ನು ಗಂಡು ಪಳಗಿಸುವ ಕತೆಯನ್ನು ಇಂದು ಮಗಳ ಪಕ್ಕದಲ್ಲಿ ಕೂತು ನೋಡುವಾಗ ಅದು ತಪ್ಪು ಎಂದು ಅವಳಿಗೆ ಹೇಳುತ್ತೇನೆ. ಮರುಕ್ಷಣವೇ, ಜಯಂತಿಯವರ ಎದುರು ರಾಜ್ ಮಾತು ತಿರುಗಿಸುವ ಚೆಂದವನ್ನೂ ತೋರಿಸುತ್ತೇನೆ. ಪ್ರೇಕ್ಷಕರನ್ನು ಅಭಿಮಾನಿ ದೇವರುಗಳೆಂದು ಕರೆದವರು ಅವರು. ಆ ಪ್ರೇಕ್ಷಕರಿಗೆ ಇಷ್ಟೂ ಹೇಳುವ ಸ್ವಾತಂತ್ರ್ಯವಿಲ್ಲವೇ?

2006ರ ಏಪ್ರಿಲ್ 12ರಂದು ರಾಜ್ ತೀರಿಕೊಂಡಾಗ ಬೆಂಗಳೂರು ಉರಿಯಿತು. ಗಲಭೆಯಲ್ಲಿ ಒಬ್ಬ ಪೊಲೀಸ್ ಪೇದೆಯೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಅವರ ಮನೆಗಳಲ್ಲಿ ಏಪ್ರಿಲ್ ಬಂದರೆ ಏನು ನೆನಪಾಗುತ್ತದೋ ಎಂದು ನನಗೆ ಪ್ರತಿ ವರ್ಷ ಅನಿಸುತ್ತದೆ. ಅದೇ ರಾಜ್ ತಮ್ಮ ಕಣ್ಣುಗಳನ್ನು ದಾನ ಮಾಡಿ ಹೋದರು. 2021ರ ಅಕ್ಟೋಬರ್‌ನಲ್ಲಿ 46ನೆಯ ವಯಸ್ಸಿಗೇ ಹೋದ ಅವರ ಮಗ ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು, ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸುವವರ ಸಾಲು ಬೆಳೆಯಿತು. ಒಂದೇ ಮನೆಯ ಎರಡು ಸಾವುಗಳಿಗೆ ಅದೇ ಜನ ಸ್ಪಂದಿಸಿದ ಬಗೆ ನೋಡಿ. ಅಭಿಮಾನ ಎರಡಕ್ಕೂ ಒಂದೇ ಇತ್ತು. ಅದು ಹರಿದ ದಿಕ್ಕು ಬೇರೆಯಾಯಿತು.

ಹೆಣಕ್ಕೆ ಸಲ್ಲಬೇಕಾದ ಮರ್ಯಾದೆಯ ಬಗ್ಗೆ ನಮ್ಮ ಸಿನಿಮಾವೇ ಆಳವಾಗಿ ಯೋಚಿಸಿದೆ. 1970ರ ‘ಸಂಸ್ಕಾರ’ದಲ್ಲಿ ಅಗ್ರಹಾರದ ಕಟ್ಟಳೆಗಳನ್ನೆಲ್ಲ ಮುರಿದ ನಾರಣಪ್ಪ ಸತ್ತು ಬಿದ್ದಿದ್ದಾನೆ, ಅವನ ಹೆಣ ಸುಡುವವರು ಯಾರು, ಅದಕ್ಕೆ ಅವನು ಅರ್ಹನೇ ಎಂದು ಊರು ಚರ್ಚಿಸುತ್ತ ಕೂರುತ್ತದೆ. ಚರ್ಚೆ ಬೆಳೆದಂತೆ ಹೆಣ ಕೊಳೆಯುತ್ತದೆ. ಕೊನೆಗೆ ಯಾರ ಅಪ್ಪಣೆಗೂ ಕಾಯದೆ, ಅವನ ಜತೆ ಬಾಳಿದ ಚಂದ್ರಿ ರಾತ್ರಿಯಲ್ಲಿ ಅದನ್ನು ಸುಡಿಸುತ್ತಾಳೆ. ಹೆಣದ ಮುಂದೆ ಯೋಗ್ಯತೆಯ ಪರೀಕ್ಷೆ ಇಲ್ಲ ಎಂಬುದು ಚಂದ್ರಿಗೆ ಗೊತ್ತಿತ್ತು. ಆ ಕತೆ ಬರೆದ ಅನಂತಮೂರ್ತಿ 2014ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಕೆಲವೆಡೆ ಪಟಾಕಿ ಹೊಡೆದರು. ಅವರ ವಿಚಾರಗಳನ್ನು ಒಪ್ಪದಿರಲು ಎಲ್ಲರಿಗೂ ಹಕ್ಕಿತ್ತು, ಬದುಕಿದ್ದಾಗ ವಾದಿಸಿದವರೂ ಇದ್ದರು. ಪಟಾಕಿ ವಾದವಲ್ಲ. ಪಟಾಕಿ ಹೊಡೆದವನೂ, ಸತ್ತ ನಟನ ಸಿನಿಮಾ ಟೀಕಿಸಿದವನ ಮೇಲೆ ಕೈ ಎತ್ತುವವನೂ ಮಾಡುವ ತಪ್ಪು ಒಂದೇ: ಹೆಣಕ್ಕೂ ಕೃತಿಗೂ ಇರುವ ಗೆರೆ ಇಬ್ಬರಿಗೂ ಕಾಣುತ್ತಿಲ್ಲ. ‘ಸಂಸ್ಕಾರ’ದಲ್ಲಿ ಪ್ರಾಣೇಶಾಚಾರ್ಯರ ಪಾತ್ರ ಮಾಡಿದ ಗಿರೀಶ ಕಾರ್ನಾಡರು 2019ರ ಜೂನ್‌ನಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಸರ್ಕಾರಿ ಗೌರವ, ಸಾರ್ವಜನಿಕ ದರ್ಶನ, ಮೆರವಣಿಗೆ ಯಾವುದೂ ಇರಲಿಲ್ಲ. ನೋಡಲಾಗಲಿಲ್ಲವೆಂದು ನನಗೆ ಅವತ್ತು ಬೇಸರವಾಯಿತು. ಆದರೆ ಸತ್ತವರ ಮಾತು ನಡೆಸುವುದೂ ಗೌರವವೇ. ಇನ್ನು ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ? ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ನಮ್ಮ ಬೀದಿಯಲ್ಲಿ ಯಾರೂ ಬ್ಯಾನರ್ ಕಟ್ಟುವುದಿಲ್ಲ.

ಸ್ಮಾರಕ ಬೇಡ ಎನ್ನುವವನು ನಾನಲ್ಲ. 2025ರ ಆಗಸ್ಟ್‌ನಲ್ಲಿ ಅಭಿಮಾನ್ ಸ್ಟುಡಿಯೋದಲ್ಲಿದ್ದ ವಿಷ್ಣುವರ್ಧನ್ ಸಮಾಧಿಯನ್ನು ರಾತ್ರೋರಾತ್ರಿ ಕೆಡವಿದಾಗ ಅಭಿಮಾನಿಗಳ ಜತೆ ನನಗೂ ಹೊಟ್ಟೆ ಉರಿಯಿತು. ಆ ಸ್ಟುಡಿಯೋ ಕಟ್ಟಿದ್ದು, ಕಿವಿ ಮಂದವಿದ್ದೂ ಎದುರಿನವರ ತುಟಿ ನೋಡಿಯೇ ಮಾತಿಗೆ ಮಾತು ಜೋಡಿಸುತ್ತಿದ್ದ ಮಹಾನಟ ಬಾಲಕೃಷ್ಣ. ಬಾಲಣ್ಣನ ಕನಸು, ವಿಷ್ಣು ಅವರ ಚಿತೆ ಎರಡೂ ಇದ್ದ ನೆಲ ಅದು. ಹಾಗೇ ಜೆ.ಪಿ. ನಗರದ ರಂಗಶಂಕರಕ್ಕೆ ಹೋದಾಗಲೆಲ್ಲ ಇನ್ನೊಂದು ಬಗೆಯ ಸ್ಮಾರಕ ಕಾಣುತ್ತದೆ. 1990ರಲ್ಲಿ ದಾವಣಗೆರೆ ಬಳಿ ಅಪಘಾತದಲ್ಲಿ ಹೋದ ಶಂಕರನಾಗ್ ಅವರ ಹೆಸರಿನಲ್ಲಿ ಅರುಂಧತಿ ನಾಗ್ ಕಟ್ಟಿ, 2004ರಲ್ಲಿ ತೆರೆದ ರಂಗಮಂದಿರ. ಅಲ್ಲಿ ನಾಟಕ ನೋಡಿ ಹೊರಬಂದವರು ಕಾಫಿ ಹಿಡಿದು ‘ಚೆನ್ನಾಗಿರಲಿಲ್ಲ’ ಎಂದು ಧಾರಾಳವಾಗಿ ಹೇಳುತ್ತಾರೆ. ಶಂಕರನಿಗೆ ಅದು ಇಷ್ಟವಾಗುತ್ತಿತ್ತು ಎಂದೇ ನನ್ನ ನಂಬಿಕೆ.

ಇಷ್ಟೆಲ್ಲ ವಾದಿಸಲು ಸಿನಿಮಾ ಉಳಿದಿರಬೇಕಲ್ಲ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೇಸಿಯವರ ಸಂಸ್ಥೆ ಸೇರಿ ಉಳಿಸಿಕೊಟ್ಟವು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ಮತ್ತೆ ಬೆಳಗಿತು. ಬದುಕಿರುವ ಹೆಣ್ಣಿಗೆ ಶ್ರಾದ್ಧ ಮಾಡಿ ಹೊರಹಾಕುವ ಆ ಕತೆಯನ್ನು ಇನ್ನೊಂದು ತಲೆಮಾರು ನೋಡುತ್ತದೆ, ಜಗಳವಾಡುತ್ತದೆ. ಉಳಿದವುಗಳ ಗತಿ ಏನು? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್‌ನಲ್ಲಿ ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿಗೆ ಬಂತು. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾಯರು. ಅದರ ಒಂದು ಪ್ರಿಂಟೂ ಇಂದು ಇಲ್ಲ. ಪ್ರತಿ ವರ್ಷ ಮಾರ್ಚ್‌ನಲ್ಲಿ ಆ ಹೆಸರುಗಳನ್ನು ಭಕ್ತಿಯಿಂದ ಸ್ಮರಿಸುತ್ತೇವೆ. ಆ ರಾವಣ ಹೇಗೆ ನಿಲ್ಲುತ್ತಿದ್ದ, ಅವನ ದನಿ ಎಲ್ಲಿ ಏರುತ್ತಿತ್ತು, ಏರಿದ್ದು ಅತಿಯಾಯಿತೇ ಎಂದು ದೊಡ್ಡಮ್ಮನ ಜತೆ ಕೂತು ಜಗಳವಾಡಲು ನಮಗೇನೂ ಉಳಿದಿಲ್ಲ.