ಚಾವಿ ಕೊಡೋಕೆ ಅಡ್ಡಹೆಸರು ಯಾಕೆ ಓದ್ತೀರಿ?



ಉದ್ದನೆ ಪೋಸ್ಟ್ ಇದು. ಈಗ ಪುರಸೊತ್ತು ಇಲ್ಲದವರು ರಾತ್ರಿ ಊಟ ಆದ ಮೇಲೆ ಓದಿ, ಆದರೆ ಪೂರ್ತಿ ಓದಿ. ವಿಷಯ ದೊಡ್ಡ ಬೈಕಿನದು. ದೂರದ ಊರಿಗೆ ಹೋಗೋ ಟೂರಿಂಗ್ ಬೈಕು, ಅದನ್ನ ಕೊಳ್ಳೋ ಮುಂಚೆ ಮಾಡೋ ಟೆಸ್ಟ್ ರೈಡು.

"ಚಳವಳಿ ಬಿಟ್ಟು ಬೈಕ್ ಬಗ್ಗೆ ಬರೀತಿಯೇನೋ" ಅಂತ ಕಮೆಂಟ್ ಹಾಕೋ ಮುಂಚೆ 1989ರ ದೌರ್ಜನ್ಯ ತಡೆ ಕಾಯ್ದೆ ಒಮ್ಮೆ ತೆಗೆದು ನೋಡಿ. 2015ರಲ್ಲಿ ತಿದ್ದುಪಡಿಯಾಗಿ 2016ರ ಜನವರಿ 26ರಿಂದ ಜಾರಿಗೆ ಬಂದ ಕಲಂ 3(1)(ಜೆಡ್‌ಎ) ಓದಿ. ಸಾರ್ವಜನಿಕ ಜಾಗದಲ್ಲಿ ದಲಿತರು ಸೈಕಲ್ ಇಲ್ಲವೇ ಮೋಟರ್ ಸೈಕಲ್ ಹತ್ತೋದನ್ನ ತಡೆದರೆ ಅಪರಾಧ. ಚಪ್ಪಲಿ, ಹೊಸ ಬಟ್ಟೆ ಹಾಕೋದನ್ನ ತಡೆದರೆ ಅಪರಾಧ. ಅಂಗಡಿಯೊಳಗೆ ಬರೋದನ್ನ ತಡೆದರೂ ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಒಂದು ದೇಶದ ಸಂಸತ್ತು ಕಾಯ್ದೆಯಲ್ಲಿ "ಮೋಟರ್ ಸೈಕಲ್" ಅನ್ನೋ ಶಬ್ದ ಬರೆಯಬೇಕಾಗಿ ಬಂತು ಅಂದ್ರೆ, ಅದಕ್ಕೂ ಮೊದಲು ಎಷ್ಟು ಹುಡುಗರನ್ನ ಗಾಡಿಯಿಂದ ಎಳೆದು ಕೆಡವಿರಬೇಕು ಲೆಕ್ಕ ಹಾಕಿ. ಕಾಯ್ದೆ ಬಂದ ಮೇಲೂ ನಿಂತಿಲ್ಲ. 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಗಂಗಾ ಜಿಲ್ಲೆಯಲ್ಲಿ ಒಬ್ಬ ದಲಿತ ಕಾಲೇಜು ಹುಡುಗ ಬುಲೆಟ್ ಓಡಿಸಿದ ಅಂತ ಅವನ ಕೈಗೆ ಕತ್ತಿ ಬೀಸಿದರು ಅನ್ನೋ ದೂರು ದಾಖಲಾಯ್ತು. ಕೈಗೇ ಯಾಕೆ? ಹ್ಯಾಂಡಲ್ ಹಿಡಿಯೋದು ಕೈ.

ಹ್ಯಾಂಡಲ್ ಯಾರ ಕೈಯಲ್ಲಿ ಇರಬೇಕು ಅನ್ನೋದು ಈ ದೇಶದಲ್ಲಿ ಹಳೇ ಜಗಳ. 1901ರಲ್ಲಿ ಬಾಬಾಸಾಹೇಬರು ಇನ್ನೂ ಚಿಕ್ಕ ಹುಡುಗ. ಅಣ್ಣನ ಜೊತೆ ತಂದೆ ಇದ್ದ ಕೋರೆಗಾಂವ್‌ಗೆ ಹೊರಟವರು ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಮಹಾರರ ಮಕ್ಕಳು ಅಂತ ಗೊತ್ತಾದ ಕೂಡಲೇ ಗಾಡಿಯವರು ಯಾರೂ ಬರಲಿಲ್ಲ. ಕೊನೆಗೆ ಒಬ್ಬ ಒಪ್ಪಿದ. ಬಾಡಿಗೆ ದುಪ್ಪಟ್ಟು, ಎತ್ತು ಮಾತ್ರ ನೀವೇ ಹೊಡೀರಿ, ನಾನು ನಡಕೊಂಡು ಬರ್ತೀನಿ ಅಂದ. 1929ರಲ್ಲಿ ಅವರು ವಿದೇಶದಲ್ಲಿ ಓದಿ ಬಂದ ಬ್ಯಾರಿಸ್ಟರ್. ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವರು ಟಾಂಗಾ ಬಾಡಿಗೆಗೆ ಕೊಟ್ಟರು, ಮಹಾರರನ್ನ ಕೂರಿಸಿಕೊಂಡು ಓಡಿಸೋಕೆ ಮಾತ್ರ ಒಲ್ಲೆ ಅಂದರು. ಕೇರಿಯವರು ಅತಿಥಿ ನಡೆದು ಬರಬಾರದು ಅಂತ ತಾವೇ ಲಗಾಮು ಹಿಡಿದರು. ರೂಢಿ ಇಲ್ಲದ ಕೈ. ಹಳ್ಳದ ಮೋರಿ ಮೇಲೆ ಟಾಂಗಾ ಬಿತ್ತು, ಬಾಬಾಸಾಹೇಬರ ಕಾಲು ಮುರೀತು. ಇದನ್ನ ಅವರೇ ಬರೆದಿಟ್ಟಿದ್ದಾರೆ. ಓಡಿಸಿ ರೂಢಿ ಮಾಡಿಕೊಳ್ಳೋ ಅವಕಾಶ ಕೊಡದೆ ಇಟ್ಟರೆ ಯಾರ ಕಾಲು ಮುರಿಯುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈಗ ನಮ್ಮ ಕಡೆ ಬರೋಣ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ನಾನು ಆಫೀಸಿನಲ್ಲಿ ಗುಮಾಸ್ತ, ಸಂಜೆ ಮೇಲೆ ಸಂಘಟನೆ. ಕೇರಿಯಿಂದ ಫೋನ್ ಬಂದರೆ ರಾತ್ರಿ ಹನ್ನೊಂದಕ್ಕೂ ಹೊರಡಬೇಕು. ಕಬ್ಬಿನ ಹಂಗಾಮಿನಲ್ಲಿ ಈ ರಸ್ತೆಗಳು ಹೆಂಗಿರ್ತಾವೆ ನಿಮಗೆ ಗೊತ್ತು. ಡಬಲ್ ಟ್ರೇಲರ್ ಟ್ರ್ಯಾಕ್ಟರ್, ಹಿಂದೆ ಕೆಂಪು ಲೈಟ್ ಇಲ್ಲ, ಹೇರಿದ ಕಬ್ಬು ಅರ್ಧ ರಸ್ತೆ ತಿಂದಿರುತ್ತೆ. ಹದಿನಾಲ್ಕು ವರ್ಷದ ನೂರು ಸಿಸಿ ಗಾಡಿಯಲ್ಲಿ ಈ ಕೆಲಸ ಮಾಡಿದ್ದೀನಿ. ಈಗ ಒಳ್ಳೆ ಬ್ರೇಕ್, ಒಳ್ಳೆ ಲೈಟ್ ಇರೋ, ಬೆನ್ನು ಮುರಿಯದ, ಹಿಂದೆ ಮನೆಯವರು ಆರಾಮಾಗಿ ಕೂತು ದೂರ ಹೋಗೋ ಗಾಡಿ ಬೇಕು ಅನ್ನಿಸಿದೆ. ಸಂಬಳದ ದುಡ್ಡು. ಉಳಿಸಿದ್ದು. ಯಾರಪ್ಪನ ಮನೆಯದೂ ಅಲ್ಲ.

ಕಳೆದ ತಿಂಗಳು ಒಂದು ಷೋರೂಮಿಗೆ ಹೋದೆ. ಊರಿನ ಹೆಸರೂ ಬರೆಯೋದಿಲ್ಲ, ಕಂಪನಿ ಹೆಸರೂ ಬರೆಯೋದಿಲ್ಲ. ಒಂದು ಅಂಗಡಿಯ ರೋಗ ಆಗಿದ್ರೆ ಬರೀತಿದ್ದೆ. ಕೂರಿಸಿದರು, ನೀರು ಕೊಟ್ಟರು. ಟೆಸ್ಟ್ ರೈಡ್ ಅಂದೆ. ಫಾರ್ಮ್ ತುಂಬಿ ಲೈಸೆನ್ಸ್ ಕೊಟ್ಟೆ. ಮ್ಯಾನೇಜರ್ ಅಡ್ಡಹೆಸರು ಓದಿದ. ತಲೆ ಎತ್ತಿ ನನ್ನ ನೋಡಿದ.

"ಜಮಖಂಡಿಯೊಳಗ ಯಾವ ಓಣಿರಿ?"

ಹೇಳಿದೆ.

"ಮೊದಲ ಸಿಬಿಲ್ ತಗಸೋಣ್ರಿ. ಲೋನ್ ಆಗ್ತದೋ ಇಲ್ಲೋ ನೋಡಿ ಆಮ್ಯಾಲ ಟೆಸ್ಟ್ ರೈಡ್. ಮತ್ತ ಗಾಡೀನೂ ಸರ್ವಿಸಿಗೆ ಹೋಗೇತಿ."

ಹತ್ತು ನಿಮಿಷ ಆಗಿಲ್ಲ, ಇಪ್ಪತ್ತೆರಡರ ಒಬ್ಬ ಹುಡುಗ ಬಂದ. "ಬರ್ರಿ ಗೌಡ್ರ" ಅಂದರು. ಫಾರ್ಮ್ ಇಲ್ಲ, ಲೈಸೆನ್ಸ್ ಇಲ್ಲ, ಹೆಲ್ಮೆಟ್ಟೂ ಇಲ್ಲ. ಸರ್ವಿಸಿಗೆ ಹೋಗಿದ್ದ ಅದೇ ಗಾಡಿ ಷೋರೂಮಿನ ಹಿಂದಿನಿಂದ ಬಂತು, ಅರ್ಧ ತಾಸು ಸುತ್ತಿ ಬಂದ. "ಅವರ ಸಿಬಿಲ್ ನೋಡಿದ್ರೇನ್ರಿ?" ಅಂತ ಕೇಳಿದೆ.

"ಅವರು ನಮ್ಮ ಪರಿಚಯದವರರೀ."

ಪರಿಚಯ! ಈ ಶಬ್ದ ಬರೆದಿಟ್ಟುಕೊಳ್ಳಿ ಬಂಧುಗಳೇ. ಈಗ ಜಾತಿ ಅನ್ನೋರು ಕಡಿಮೆ, "ಪರಿಚಯ" ಅಂತಾರೆ. ಬಾಡಿಗೆ ಮನೆ ಕೇಳಿದರೆ "ಪರಿಚಯದವರಿಗೆ ಕೊಟ್ಟೀವಿ". ಸಾಲ ಕೇಳಿದರೆ "ಪರಿಚಯದವರ ಜಾಮೀನು ತರ್ರಿ". ಈ ಪರಿಚಯ ಹುಟ್ಟೋದು ಎಲ್ಲಿ? ಒಂದೇ ಮಠದಲ್ಲಿ, ಒಂದೇ ಪಂಗತಿಯಲ್ಲಿ, ಒಂದೇ ಮದುವೆ ಹಂದರದಲ್ಲಿ. ಅಲ್ಲಿಗೆ ನಮ್ಮನ್ನ ಬಿಟ್ಟುಕೊಳ್ಳೋದಿಲ್ಲ, ಆಮೇಲೆ ಷೋರೂಮಿನಲ್ಲಿ "ನಿಮ್ಮ ಪರಿಚಯ ಇಲ್ಲ" ಅಂತಾರೆ.

ನಾನು ಗುಮಾಸ್ತ. ದಿನಾ ಫಾರ್ಮ್ ನೋಡೋನು. ಫಾರ್ಮಿನಲ್ಲಿ ಇಲ್ಲದ ಕಾಲಂ ಒಂದನ್ನ ಬಾಯಲ್ಲಿ ಕೇಳಿದರು ಅಂದರೆ ಅದು ಯಾವ ಕಾಲಂ ಅಂತ ನನಗೆ ಯಾರೂ ಕಲಿಸಬೇಕಿಲ್ಲ.

ನ್ಯಾಯದ ಮಾತೂ ಹೇಳ್ತೀನಿ. ಇನ್ನೊಂದು ಊರಿನಲ್ಲಿ ಒಬ್ಬ ಸೇಲ್ಸ್ ಹುಡುಗ ಲೈಸೆನ್ಸ್ ನೋಡಿದ, ಫೋಟೋ ತೆಗೆದುಕೊಂಡ, ಸಹಿ ಹಾಕಿಸಿದ, ಹೆಲ್ಮೆಟ್ ಕೊಟ್ಟ, "ಅರಾಮ ಓಡಿಸಿ ಬರ್ರಿ ಸರ" ಅಂದ. ಎರಡು ನಿಮಿಷದ ಕೆಲಸ. ಹಂಗಾದ್ರೆ ಸಾಧ್ಯ ಇದೆ. ಆ ಹುಡುಗ ನನ್ನನ್ನ ಉದ್ಧಾರ ಮಾಡಲಿಲ್ಲ, ತನ್ನ ಕೆಲಸ ಮಾಡಿದ. ನಾವು ಕೇಳೋದೂ ಅಷ್ಟೇ.

2022ರ ಜನವರಿಯಲ್ಲಿ ತುಮಕೂರಿನ ಕಾರ್ ಷೋರೂಮಿನಲ್ಲಿ ಒಬ್ಬ ರೈತನ ಬಟ್ಟೆ ನೋಡಿ ಸೇಲ್ಸ್‌ನವ ಹಗುರ ಮಾತಾಡಿದ. ಆ ರೈತ ಸ್ವಲ್ಪ ಹೊತ್ತಿನಲ್ಲೇ ಹತ್ತು ಲಕ್ಷ ನಗದು ತಂದು ತೋರಿಸಿದ. ದೇಶವೆಲ್ಲ ಚಪ್ಪಾಳೆ ಹೊಡೀತು. ನನಗೂ ಖುಷಿಯಾಯ್ತು. ಆದರೆ ಆ ಚಪ್ಪಾಳೆಯಲ್ಲಿ ಒಂದು ಮೋಸ ಇದೆ. ದುಡ್ಡು ತಂದು ತೋರಿಸಿದ ಮೇಲೆ ಮರ್ಯಾದೆ ಅಂತಾದ್ರೆ, ದುಡ್ಡು ತರಲಾರದವನಿಗೆ ಮರ್ಯಾದೆ ಇಲ್ಲ ಅಂದಂಗಾಯ್ತು. ಟೆಸ್ಟ್ ರೈಡ್ ಅಂದರೆ ಏನು? ದುಡ್ಡು ಕೊಡೋ ಮುಂಚೆ ಹತ್ತಿ ನೋಡೋದು. ಹತ್ತಿ, ಓಡಿಸಿ, ಇಳಿದು, "ಒಲ್ಲೆ" ಅಂದು ಬರೋದು. ಮೇಲ್ಜಾತಿಯವರಿಗೆ ಈ "ಒಲ್ಲೆ" ಹುಟ್ಟಿನಿಂದ ಬಂದಿದೆ. ಸೀರೆ ಅಂಗಡಿಯಲ್ಲಿ ಐವತ್ತು ಸೀರೆ ಬಿಚ್ಚಿಸಿ ಎದ್ದು ಬರ್ತಾರೆ. ನಮ್ಮವರು? ಕೊಟ್ಟದ್ದು ತಗೊಂಡವರು. ಹಳಸಿದ ರೊಟ್ಟಿ ಕೊಟ್ಟರೂ ಸೆರಗೊಡ್ಡಿದವರು. ಆರಿಸೋದು, ಬೇಡ ಅನ್ನೋದು ನಮ್ಮ ಅಜ್ಜಂದಿರಿಗೆ ಇರಲೇ ಇಲ್ಲ.

ಪ್ರವಾಸವೂ ಹಂಗೇ. ನಮ್ಮವರು ನಡೆದಷ್ಟು ಈ ನೆಲದಲ್ಲಿ ಯಾರೂ ನಡೆದಿಲ್ಲ. ಮೇಲಿನ ಓಣಿಯಲ್ಲಿ ಸತ್ತರೆ ಸಾವಿನ ಸುದ್ದಿ ಹೊತ್ತು ಊರೂರು ನಡೆದವರು ನಾವು. ಗುಳೆ ಹೋದವರು ನಾವು, ಕಬ್ಬು ಕಡಿಯೋಕೆ ಹೋದವರು ನಾವು. ಸರ್ಕಾರ "ಸ್ವಾವಲಂಬಿ ಸಾರಥಿ" ಅಂತ ಸಬ್ಸಿಡಿ ಕೊಡುತ್ತೆ, ಒಳ್ಳೇದು, ತಗೊಳ್ಳಿ. ಆದರೆ ಅದೂ ಟ್ಯಾಕ್ಸಿಗೆ, ಸರಕು ಗಾಡಿಗೆ. ದಲಿತ ಗಾಡಿ ಓಡಿಸೋದು ಅಂದರೆ ಇನ್ನೊಬ್ಬರನ್ನ, ಇನ್ನೊಬ್ಬರ ಸಾಮಾನನ್ನ ಹೊರೋದು ಅಂತಲೇ ಎಲ್ಲರ ತಲೆಯಲ್ಲಿ. ತನ್ನ ಖುಷಿಗೆ, ತನ್ನ ಹೆಂಡತಿಯನ್ನ ಹಿಂದೆ ಕೂರಿಸಿಕೊಂಡು ಸಮುದ್ರ ನೋಡೋಕೆ ಹೋಗ್ತಾನೆ ಅಂದರೆ ಮಾತ್ರ ಎಲ್ಲರಿಗೂ ಹೊಟ್ಟೆ ಉರಿ.

ನಮ್ಮೊಳಗಿನವರಿಗೂ ಒಂದು ಮಾತು. ಮುಧೋಳದ ಮೀಟಿಂಗಿನಲ್ಲಿ ಒಬ್ಬ ಹಿರಿಯರು ಎಲ್ಲರೆದುರು ಕೇಳಿದರು: "ತಮ್ಮಾ, ಕೇರ್ಯಾಗ ಪಾಯಖಾನಿ ಇಲ್ಲ, ನಿನಗ ಮೂರು ಲಕ್ಷದ ಗಾಡಿ ಬೇಕಾಗೇತೇನು?" ಅಣ್ಣಾ, ನಿಮ್ಮ ಮೇಲೆ ಗೌರವ ಇದೆ, ಉತ್ತರವೂ ಇದೆ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಬಾಬಾಸಾಹೇಬರು ಜನರನ್ನ ಕರಕೊಂಡು ಹೋದದ್ದು ಬಾಯಾರಿಕೆಗಲ್ಲ. ಆ ನೀರು ಕುಡಿಯದೆ ಯಾರೂ ಸಾಯ್ತಿರಲಿಲ್ಲ, ನಾವೂ ಮನುಷ್ಯರು ಅಂತ ತೋರಿಸೋಕೆ ಹೋಗಿದ್ದು ಅನ್ನೋದು ಅವರದೇ ನಿಲುವು. ಟೆಸ್ಟ್ ರೈಡ್ ಮಾಡದೆ ನಾನೂ ಸಾಯೋದಿಲ್ಲ. ಬಾಬಾಸಾಹೇಬರ ಸೂಟು ಬೂಟಿಗೆ "ಐಷಾರಾಮ" ಅಂದವರು ಯಾರು ಅಂತ ನೆನಪು ಮಾಡಿಕೊಳ್ಳಿ. ಆ ಮಾತು ನಮ್ಮ ಬಾಯಿಂದ ಬರಬಾರದು. ಪಾಯಖಾನೆಗೂ ಹೋರಾಡೋಣ, ಮೋಟರ್ ಸೈಕಲ್ಲಿಗೂ ಹೋರಾಡೋಣ. ಒಂದು ಸಿಗೋವರೆಗೆ ಇನ್ನೊಂದು ಕೇಳಬೇಡ ಅನ್ನೋದು ಗೌಡರ ಲೆಕ್ಕ.

ಇನ್ನು "ಹುಡುಗರು ಸಾಲ ಮಾಡಿ ಹಾಳಾಗ್ತಾರೆ" ಅನ್ನೋರಿಗೆ. ಅದಕ್ಕೇ ಟೆಸ್ಟ್ ರೈಡ್ ಮಾಡಿ ಅನ್ನೋದು. ರೀಲ್ಸ್ ನೋಡಿ ಬುಕ್ ಮಾಡಿದವ ಇಎಂಐ ಕಟ್ಟೋವರೆಗೂ ಬೆನ್ನು ನೋವು ಅನುಭವಿಸ್ತಾನೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 18, ಅದರ ಮೇಲಿನದಕ್ಕೆ ಶೇ. 40. ಜೀವಮಾನದ ರಸ್ತೆ ತೆರಿಗೆ ಬೇರೆ. ಇಷ್ಟು ಕೊಡೋ ಮುಂಚೆ ಮೈಗೆ ಒಪ್ಪುತ್ತಾ ನೋಡಬೇಕಾ ಬೇಡವಾ? ನಾನು ಕಂಡುಕೊಂಡದ್ದು ಹೇಳ್ತೀನಿ, ನಮ್ಮ ಹುಡುಗರಿಗೆ ಬೇಕಾಗುತ್ತೆ.

ಮೊದಲು ಎತ್ತರ. ನಾನು ಐದಡಿ ನಾಲ್ಕಿಂಚು. ಹಿಮಾಲಯನ್ 450ರ ಸೀಟು 825 ಮಿಲಿಮೀಟರ್, ಸೂಪರ್ ಮೀಟಿಯೋರ್ 650ರದು 740. ಮೊದಲನೇದರಲ್ಲಿ ನನ್ನ ತುದಿಗಾಲು ಮಾತ್ರ ನೆಲಕ್ಕೆ. ಎರಡನೇದರಲ್ಲಿ ಎರಡೂ ಪಾದ ಊರಿದವು, ಆದರೆ ಅದರ ತೂಕ 241 ಕೆಜಿ. ಇಳಿಜಾರಿನಲ್ಲಿ ನಿಲ್ಲಿಸಿ ಹಿಂದಕ್ಕೆ ತಳ್ಳಿ ನೋಡಿ, ಸತ್ಯ ಗೊತ್ತಾಗುತ್ತೆ. ಓಣಿಯಲ್ಲಿ ಪೂರ್ತಿ ಹ್ಯಾಂಡಲ್ ತಿರುಗಿಸಿ ಯೂ ಟರ್ನ್ ಮಾಡಿ. ಹಂಪಿನ ಮೇಲೆ, ಕಿತ್ತ ರಸ್ತೆ ಮೇಲೆ ಓಡಿಸಿ. ಮಧ್ಯಾಹ್ನದ ಬಿಸಿಲಿಗೇ ಹೋಗಿ, ಸಿಗ್ನಲ್ಲಿನಲ್ಲಿ ಎಂಜಿನ್ ಕಾವು ತೊಡೆಗೆ ಹೊಡೆಯುತ್ತಾ ನೋಡಿ. ಹಿಂದೆ ಕೂರೋರನ್ನ ಕರಕೊಂಡು ಹೋಗಿ. ನನ್ನ ಮನೆಯವರು ಒಂದು ಗಾಡಿ ಹತ್ತಿ ಎರಡೇ ಮಾತಿಗೆ ತೀರ್ಪು ಕೊಟ್ಟರು: "ಸೀಟ ಇಳಜಾರ ಐತಿ, ಮೈಮ್ಯಾಲ ಬೀಳತೇನಿ." ಯಾವ ಬ್ರೋಷರಿನಲ್ಲೂ ಅದು ಇರಲಿಲ್ಲ. ಸರ್ವಿಸ್ ಸೆಂಟರ್ ಎಲ್ಲಿದೆ ಕೇಳಿ. ಪ್ರತಿ ಸರ್ವಿಸಿಗೂ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕಂದ್ರೆ ಒಂದು ದಿನದ ರಜೆಯನ್ನೂ ಲೆಕ್ಕಕ್ಕೆ ಸೇರಿಸಿ. ಇಷ್ಟೆಲ್ಲ ನೋಡಿ ಬೇಡ ಅನ್ನಿಸಿದರೆ ಬೇಡ ಅಂದು ಬನ್ನಿ. ಅದು ಪುಕ್ಕಟೆ.

ಷೋರೂಮಿನ ಮಾಲೀಕರಿಗೆ ಹೇಳ್ತೀನಿ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಕಲಂ 6 ಓದಿ. ಬೇರೆಯವರಿಗೆ ಯಾವ ಷರತ್ತಿನ ಮೇಲೆ ಸೇವೆ ಕೊಡ್ತೀರೋ ಅದೇ ಷರತ್ತಿನ ಮೇಲೆ ನಮಗೂ ಕೊಡಬೇಕು. ಅಸ್ಪೃಶ್ಯತೆ ಕಾರಣಕ್ಕೆ ನಿರಾಕರಿಸಿದರೆ ಅಪರಾಧ. ಕಲಂ 12ನ್ನೂ ಓದಿ. ಪರಿಶಿಷ್ಟ ಜಾತಿಯವರ ವಿಷಯದಲ್ಲಿ ಇಂಥ ಕೃತ್ಯ ನಡೆದರೆ, ಬೇರೆ ಅಂತ ಸಾಬೀತಾಗೋವರೆಗೂ ಅದು ಅಸ್ಪೃಶ್ಯತೆಯ ಕಾರಣಕ್ಕೇ ಅಂತ ಕೋರ್ಟು ಭಾವಿಸುತ್ತೆ. "ಗಾಡಿ ಸರ್ವಿಸಿಗೆ ಹೋಗೇತಿ" ಅನ್ನೋ ಮುಂಚೆ ಇದು ನೆನಪಿರಲಿ. ಟೆಸ್ಟ್ ರೈಡಿನ ನಿಯಮ ಗೋಡೆಗೆ ಬರೆದು ಅಂಟಿಸಿ: ಲೈಸೆನ್ಸ್, ಹೆಲ್ಮೆಟ್, ಸಹಿ. ಬಂದವರ ಸರದಿ ಪ್ರಕಾರ ಚಾವಿ. ಗೌಡರ ಮಗನಿಗೂ ಅದೇ, ಕೇರಿಯ ಮಗನಿಗೂ ಅದೇ. ಸಿಬಿಲ್ ಸಾಲ ಕೇಳಿದಾಗ ನೋಡಿ.

ನಮ್ಮ ಹುಡುಗರಿಗೆ, ಹುಡುಗಿಯರಿಗೆ: ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ಚಾವಿ ಕೊಡದಿದ್ರೆ ಕಾರಣ ಬರೆದು ಕೊಡಿ ಅಂತ ಕೇಳಿ. ಬಾಯಲ್ಲಿ ಹೇಳಿದ ಸುಳ್ಳು ಕಾಗದದ ಮೇಲೆ ಬರೆಯೋಕೆ ಅವರ ಕೈ ಬರೋದಿಲ್ಲ, ಇಪ್ಪತ್ತು ವರ್ಷ ಆಫೀಸಿನಲ್ಲಿ ಕೂತು ಕಲಿತದ್ದು ಇದು. ದಿನಾಂಕ, ಹೊತ್ತು, ಆಡಿದ ಮಾತು ಬರೆದಿಟ್ಟುಕೊಳ್ಳಿ. ನಾಲ್ಕೂ ತಾಲೂಕಿನಲ್ಲಿ ನಾವಿದ್ದೀವಿ, ಜೊತೆಗೆ ಬರ್ತೀವಿ.

2027ರ ಮಾರ್ಚ್ 20ಕ್ಕೆ ಮಹಾಡಿಗೆ ನೂರು ವರ್ಷ. ಕೆಎ-48 ನಂಬರಿನ ಗಾಡಿಗಳು ಜಮಖಂಡಿಯಿಂದ ಸಾಲು ಹಿಡಿದು ಹೊರಡಬೇಕು ಅನ್ನೋದು ನನ್ನ ಆಸೆ. ನೂರು ಸಿಸಿಯಾದರೂ ಸರಿ, ಆರುನೂರಾಯಿತಾದರೂ ಸರಿ. ಈ ಸಲ ಸಾವಿನ ಸುದ್ದಿ ಹೊತ್ತು ಹೋಗೋದಿಲ್ಲ. ಬರೋರು ಕಮೆಂಟಿನಲ್ಲಿ ಊರು ಬರೀರಿ, ಹೆಲ್ಮೆಟ್ ಈಗಲೇ ತಗೊಳ್ರಿ.

ಜೈ ಭೀಮ್.