ಹಿಂಬದಿಯ ತಗಡು

ಮಸ್ಕಿಯ ಬಂಡೆಯಲ್ಲಿ 1915ರಲ್ಲಿ ಕಂಡುಬಂದ ಶಾಸನದಲ್ಲಿ ಅಶೋಕನೆಂಬ ಹೆಸರೇ ಇದ್ದುದರಿಂದ, ದೇವಾನಾಂಪ್ರಿಯನು ಯಾರೆಂಬುದು ನಿಶ್ಚಯವಾಯಿತಷ್ಟೆ. ಮನೆಯ ಯಂತ್ರಗಳಿಗೂ ಅಂಥದೊಂದು ಶಾಸನವುಂಟು.

ಸಿಂಧನೂರಿನ ನಮ್ಮ ಮನೆಯಲ್ಲಿ, ಒಗೆಯಲೊಂದು, ಹಿಂಡಲೊಂದು ಎಂದು ಎರಡು ತೊಟ್ಟಿಗಳುಳ್ಳ ಹಳೆಯ ಯಂತ್ರವನ್ನು ಗುಜರಿಗೆ ಕೊಡುವ ಮುನ್ನ, ಅದರ ಹಿಂಬದಿಯ ತಗಡನ್ನು ಒರಸಿ ನೋಡಿದೆವು. ತಯಾರಕರ ಹೆಸರೂ ವರ್ಷವೂ ಮಾಸಿಹೋಗಿ, ಕ್ರಮಸಂಖ್ಯೆಯೊಂದೇ ಉಳಿದಿತ್ತು.

ಕೇಳಲು ತಾಯಿಯವರೆಂದರು: “ಲಿಂಗಸುಗೂರಿನಿಂದ ನಿಮ್ಮಕ್ಕ ಬಾಣಂತನಕ್ಕ ಬಂದ ವರ್ಷ ತಂದದ್ದು. ಆಮ್ಯಾಲೆ ನಾ ಅರಿವಿ ಹೊತ್ತು ಹಳ್ಳಕ್ಕ ಹೋಗಲಿಲ್ಲ.”

ಆ ಕೂಸಿಗೀಗ ಮೂವತ್ತೆರಡು. ಯಂತ್ರದ ವಯಸ್ಸು ತಿಳಿಯಿತು. ತಾಯಿಯವರು ಅದನ್ನು ದಿನವೂ ಒರಸುತ್ತಿದ್ದ ಕಾರಣವೂ ತಿಳಿಯಿತು.

ಗೃಹಿಣಿಯರೇ, ತಗಡಿನ ಅಕ್ಷರಗಳನ್ನು ಬರೆದಿಟ್ಟುಕೊಳ್ಳಿರಿ. ಅದಕ್ಕೂ ಮೊದಲು ಮನೆಯ ಹಿರಿಯರನ್ನು ಕೇಳಿರಿ. ಗುಜರಿಯವನನ್ನು ನಾವು ಬರಿಗೈಯಲ್ಲಿ ಕಳುಹಿಸಿದೆವು.