ನಡುರಾತ್ರಿಯಲ್ಲಿ ಹಿಡಿಯುವ ಕಾಲು

ಕುಣಿಗಲಿನ ಅಕ್ಕನ ಮನೆಯಲ್ಲಿದ್ದ ನಮ್ಮ ತಾಯಿಯವರು ಎರಡು ತಿಂಗಳ ಮಟ್ಟಿಗೆ ಗುಬ್ಬಿಗೆ ಬಂದಿದ್ದರು. ರಾತ್ರಿ ಎರಡು ಗಂಟೆಯ ಸುಮಾರಿಗೆ ಅವರ ಕೋಣೆಯಲ್ಲಿ ದೀಪ ಹತ್ತುವುದನ್ನು ಕಂಡಿದ್ದೆನಾದರೂ, ಅರವತ್ತೆಂಟರ ವಯಸ್ಸಿಗೆ ನಿದ್ರೆ ಕಡಿಮೆ ಎಂದು ಸುಮ್ಮನಿದ್ದೆ. ಒಂದು ರಾತ್ರಿ ಹೋಗಿ ನೋಡಿದರೆ, ಮಂಚದ ಅಂಚಿನಲ್ಲಿ ಕುಳಿತು ಎಡಗಾಲನ್ನು ಎರಡು ಕೈಗಳಿಂದಲೂ ಅದುಮಿ ಹಿಡಿದಿದ್ದಾರೆ. ಮೀನಖಂಡವು ಕಲ್ಲಿನಂತಾಗಿತ್ತು.

“ನರ ಹಿಡಿದಿದೆ ಕಣಪ್ಪ. ನೀನು ಮಲಗು, ಬೆಳಿಗ್ಗೆ ಕಾಲೇಜಿಗೆ ಹೋಗಬೇಕು” ಎಂದರು.

‘ನರ ಹಿಡಿಯಿತು’ ಎನ್ನುವುದು ನಮ್ಮ ಕಡೆಯ ರೂಢಿ. ಕನ್ನಡ ಪಾಠ ಹೇಳುವವನಾದ ನಾನು ರೂಢಿಯ ಮಾತನ್ನು ತಿದ್ದಲಾರೆ. ಆದರೆ ಹಿಡಿದುಕೊಳ್ಳುವುದು ಸ್ನಾಯು. ಅದು ತಾನಾಗಿ ಬಿಗಿದುಕೊಂಡು, ಸಡಿಲಗೊಳ್ಳಲು ಒಲ್ಲೆನ್ನುತ್ತದೆ. ವಯಸ್ಸಾದವರಲ್ಲಿ ಇದು ಬಹಳ ಸಾಮಾನ್ಯ. ಹಲವರಲ್ಲಿ ನಿರ್ದಿಷ್ಟ ಕಾರಣವೇ ಸಿಕ್ಕದು. ಆ ಗಳಿಗೆಗೆ ಉಪಾಯವೆಂದರೆ ಬಿಗಿದುದನ್ನು ನೀಳಮಾಡುವುದು: ಮಂಡಿಯನ್ನು ನೆಟ್ಟಗಿರಿಸಿ, ಕಾಲ್ಬೆರಳುಗಳನ್ನು ಮೊಳಕಾಲಿನ ಕಡೆಗೆ ಮೆಲ್ಲನೆ ಎಳೆದು ಹಿಡಿಯಬೇಕು. ಕೈ ಎಟುಕದವರು ಟವೆಲನ್ನು ಅಂಗಾಲಿಗೆ ಕೊಟ್ಟು ಎರಡು ತುದಿಗಳನ್ನೂ ಎಳೆಯಬಹುದು. ಅಂದು ನಾನೇ ಎಳೆದು ಹಿಡಿದೆ. ಎರಡು ನಿಮಿಷದೊಳಗೆ ಖಂಡವು ಕೈಯಡಿಯಲ್ಲಿ ಮೆತ್ತಗಾಯಿತು.

ಬೆಳಿಗ್ಗೆ ಹೊರಬಿದ್ದ ಸಂಗತಿಯೇ ಬೇರೆ. ರಕ್ತದೊತ್ತಡದ ಮಾತ್ರೆಯನ್ನು ಅವರು ಹದಿನೈದು ದಿನಗಳಿಂದ ನುಂಗಿಯೇ ಇರಲಿಲ್ಲ! ಮೂತ್ರ ಹೆಚ್ಚಿಸುವ ಮಾತ್ರೆಯಿಂದಲೇ ಕಾಲು ಹಿಡಿಯುವುದೆಂದು ಯಾರೋ ಹೇಳಿದ್ದರಂತೆ. ಮಾತು ಪೂರ್ತಿ ಸುಳ್ಳಲ್ಲ. ಅಂಥ ಮಾತ್ರೆಗಳಿಂದ ಕೆಲವರಿಗೆ ಹೀಗಾಗುವುದುಂಟು. ಆದರೆ ಅದನ್ನು ನಿಲ್ಲಿಸುವುದೂ ಬದಲಿಸುವುದೂ ವೈದ್ಯರ ಕೆಲಸ. ಅಂದೇ ರೈಲಿನಲ್ಲಿ ತುಮಕೂರಿಗೆ ಕರೆದೊಯ್ದೆ. ಸೆಳೆತ ನಿಂತಿರಲಿಲ್ಲ, ಒತ್ತಡ ಮಾತ್ರ 180ಕ್ಕೆ ಏರಿತ್ತು. ವೈದ್ಯರು ಗದರಲಿಲ್ಲ, ರಕ್ತಪರೀಕ್ಷೆ ಮಾಡಿಸಿ ಬೇರೊಂದು ಮಾತ್ರೆ ಬರೆದುಕೊಟ್ಟರು.

ಕ್ವಿನೈನ್ ಕೊಡಬಹುದೆ ಎಂದು ಎಲ್ಲಿಯೋ ಓದಿದ ನೆನಪಿನಿಂದ ಕೇಳಿದೆ. ಅವರು ಕೈಯಾಡಿಸಿಬಿಟ್ಟರು. ರಕ್ತಕ್ಕೂ ಹೃದಯಕ್ಕೂ ಕೇಡು ತರಬಲ್ಲ ಆ ಮದ್ದನ್ನು ಕಾಲಿನ ಸೆಳೆತಕ್ಕೆ ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲಿಯೇ ಎಚ್ಚರಿಸಿತ್ತು. ವೈದ್ಯರು ಹೇಳಿದ ಇನ್ನೊಂದು ಮಾತನ್ನು ವಾಚಕರೂ ಗಮನಿಸಬೇಕು: ಒಂದೇ ಕಾಲು ಊದಿ, ಬೆಚ್ಚಗಾಗಿ, ನೋವು ಬಿಡದಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಗ ಕಾಲನ್ನು ತಿಕ್ಕುತ್ತ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಈಗ ತಾಯಿಯವರು ಮಲಗುವ ಮುನ್ನ ಗೋಡೆಗೆ ಕೈಯೂರಿ, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗಿ ನಿಲ್ಲುತ್ತಾರೆ. ಮೊಮ್ಮಗಳು ಎದುರು ನಿಂತು ಎಣಿಸುತ್ತಾಳೆ. ಸೆಳೆತ ಪೂರ್ತಿ ಹೋಗಿಲ್ಲ. ಆದರೆ ಬಂದ ರಾತ್ರಿ ನನ್ನನ್ನು ಕೂಗಿ ಎಬ್ಬಿಸುತ್ತಾರೆ.